ಸಾಗರದಲ್ಲಿ ಮಾತ್ರ ಹಾಡುವ ರೇಡಿಯೋ

ಸಾಗರ ಪೇಟೆಯ ಮುಕುಂದಯ್ಯನ ಅಂಗಡಿಯಲ್ಲಿ ಆ ರೇಡಿಯೋ ಗಂಟಲು ಬಿಚ್ಚಿ ಹಾಡುತ್ತಿತ್ತು. ಕೆರಿಯಮ್ಮನ ಊರಿಗೆ ತಂದರೆ ಬಾಯಿಗೆ ಬೀಗ ಜಡಿದ ಹಾಗೆ ಕೂರುತ್ತಿತ್ತು.

ಅಣೆಕಟ್ಟಿನ ನೀರು ಏರಿ ಹಳೆಯ ಊರು ಮುಳುಗಿದ ಮೇಲೆ ಇವರನ್ನೆಲ್ಲ ತಂದು ಸಾಗರದಿಂದ ಹೊಸನಗರಕ್ಕೆ ಹೋಗುವ ದಾರಿಯ ಪಕ್ಕದ ಗುಡ್ಡದ ಬುಡದಲ್ಲಿ ಬಿಟ್ಟಿದ್ದರು. ಗದ್ದೆ ನುಂಗಿದ ನೀರಿನಿಂದ ಹುಟ್ಟಿದ ಕರೆಂಟು ಇವರ ತಲೆಯ ಮೇಲೆಯೇ ತಂತಿಯಲ್ಲಿ ಹರಿದು ಎಲ್ಲಿಗೋ ಹೋಗುತ್ತಿತ್ತು. ಇವರ ಮನೆಗಳಲ್ಲಿ ಚಿಮಣಿ ಬುಡ್ಡಿಯೇ ಗತಿ. ಹಾಗಾಗಿ ಹೆಂಗಸರೆಲ್ಲ ಸೇರಿ ಒಂದು ಹಳೆಯ ರೇಡಿಯೋ ಕೊಳ್ಳೋಣ ಎಂದಾಗ ಅದು ಬ್ಯಾಟರಿಗೆ ಹಾಡುವಂಥದ್ದೇ ಆಗಬೇಕಿತ್ತು. ತುಪ್ಪ, ಗೇರುಬೀಜ, ಚಾಪೆ ಮಾರಿ ಕೂಡಿಸಿದ ದುಡ್ಡನ್ನು ಕೆರಿಯಮ್ಮನ ಕೈಗೆ ಕೊಟ್ಟರು.

ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಸುತ್ತಲಿನವರು ಎಮ್ಮೆ ಕೊಳ್ಳಲು ಹೊರಟರೆ ಮೊದಲು ಅವಳ ಅಂಗಳಕ್ಕೆ ಬರುತ್ತಿದ್ದರು. ಎರಡು ಹೊತ್ತು ತಾನೇ ಕೂತು ಹಾಲು ಹಿಂಡಿ ನೋಡದೆ ಅವಳು ಯಾವ ಎಮ್ಮೆಯ ಹಗ್ಗವನ್ನೂ ಹಿಡಿದವಳಲ್ಲ. ಮಾರುವವನು ಮಾವನಾದರೂ ಅಷ್ಟೇ, ಪಟೇಲನಾದರೂ ಅಷ್ಟೇ.

ಅಂಥವಳು ಸಾಗರದಲ್ಲಿ ಮೋಸಹೋದಳು. ಜೋಗದ ಕೆಲಸ ಮುಗಿಸಿ ವರ್ಗವಾಗಿ ಹೋದ ಇಂಜಿನಿಯರೊಬ್ಬರು ಮಾರಿ ಹೋದ ರೇಡಿಯೋ ಅದು. ಕರೆಂಟಿಗೂ ಹಾಡುತ್ತದೆ, ಬ್ಯಾಟರಿಗೂ ಹಾಡುತ್ತದೆ ಎಂದ ಮುಕುಂದಯ್ಯ. ಬ್ಯಾಟರಿ ಹಾಕಿ ತೋರಿಸಿ ಎಂದು ಅವಳು ಕೇಳದೆ ಇರಲಿಲ್ಲ. ಸ್ಟಾಕಿಲ್ಲ, ಶಿವಮೊಗ್ಗದಿಂದ ಬರಬೇಕು ಎಂದು ಹೇಳಿ ಅವನು ಕರೆಂಟಿಗೆ ಸಿಕ್ಕಿಸಿದ. ಭದ್ರಾವತಿಯಿಂದ ಯಾರೋ ಹೆಣ್ಣುಮಗಳು ಎದುರಿಗೇ ಕೂತು ಹಾಡಿದ ಹಾಗೆ ಹಾಡಿದಳು. ಕೆರಿಯಮ್ಮ ದುಡ್ಡು ಎಣಿಸಿ ಕೊಟ್ಟುಬಿಟ್ಟಳು.

ಮುಂದಿನ ವಾರ ಬ್ಯಾಟರಿ ಬಂತು. ಊರೆಲ್ಲ ಅಂಗಳದಲ್ಲಿ ಸೇರಿತು. ರೇಡಿಯೋದ ಕಿವಿ ತಿರುಗಿಸಿದರೆ ಒಂದು ಗೊರ್ ಎಂಬ ಸದ್ದೂ ಇಲ್ಲ.

ಹೊತ್ತುಕೊಂಡು ಹೋಗಿ ಕೇಳಿದ್ದಕ್ಕೆ ಮುಕುಂದಯ್ಯ ಮತ್ತೆ ಕರೆಂಟಿಗೆ ಹಾಕಿ ಹಾಡಿಸಿ ತೋರಿಸಿದ. ನಿಮ್ಮೂರಿನ ಗುಡ್ಡ ಅಡ್ಡ ಬರುತ್ತದೆ, ಏರಿಯಲ್ ತಂತಿ ಎತ್ತರಕ್ಕೆ ಕಟ್ಟಿಸು ಎಂದ. ಅವಳ ಗಂಡ ಭೂತಪ್ಪ ಧೂಪದ ಮರದ ತುದಿಗೆ ಹತ್ತಿ ಮೈಕೈ ತರಚಿಕೊಂಡು ಕಟ್ಟಿದ್ದೂ ಆಯಿತು. ರೇಡಿಯೋ ಹಂದಾಡಲಿಲ್ಲ.

ಬಾವಿಕಟ್ಟೆಯಲ್ಲಿ ಪಕ್ಕದ ಮನೆಯ ರಂಗಮ್ಮ ಎಲ್ಲರಿಗೂ ಕೇಳುವಂತೆ ಹೇಳಿದಳು: "ಅದು ಕೆರಿಯಮ್ಮಂಗೆ ಮಾತ್ರ ಹಾಡಿತ್ತಂತೆ ಕಣ್ರೆ. ಅಂಗಡಿ ಸಾಹುಕಾರ್ರು ಅವಳ ಕೈಗೆ ಎಂತ ಇಟ್ಟಿದ್ರೋ, ಕೈ ತುಂಬಿದ್ರೆ ಕಿವಿ ಚುರುಕಾಗ್ತದೆ."

ಕೆರಿಯಮ್ಮ ಕೊಡ ಎತ್ತಿ ಅವಳ ಮೇಲೆ ಸುರಿಯುವವಳಿದ್ದಳು. ಆದರೆ ನಗುತ್ತಿದ್ದವಳು ರಂಗಮ್ಮ ಒಬ್ಬಳೇ ಅಲ್ಲ. ಅದಾಗಿ ನಾಲ್ಕು ದಿನಕ್ಕೆ ಗುತ್ಯಮ್ಮನ ಮನೆಯವರು ಎಮ್ಮೆ ಕೊಳ್ಳಲು ಹೋದರು. ಕೆರಿಯಮ್ಮನ ಅಂಗಳದ ಮುಂದೆಯೇ ಹಾದುಹೋದರು, ಕೂಗಿ ಕರೆಯಲಿಲ್ಲ. ದುಡ್ಡು ಹೋದರೆ ಇನ್ನೆರಡು ಚಾಪೆ ಹೆಣೆಯಬಹುದು. ಈ ಊರಿನಲ್ಲಿ ತನ್ನ ಮಾತಿಗೆ ಬೆಲೆಯಿಲ್ಲದೆ ಅವಳು ಬದುಕುವುದು ಹೇಗೆ?

ಮರುದಿನ ಮೊದಲ ಬಸ್ಸಿಗೆ ರೇಡಿಯೋವನ್ನು ಕಂಬಳಿಯಲ್ಲಿ ಸುತ್ತಿ ಹತ್ತಿದಳು. ಜೊತೆಗೆ ಬುತ್ತಿ, ಎಲೆಅಡಿಕೆ ಚೀಲ.

"ಮತ್ತೆ ಬಂದ್ಯಾ?" ಎಂದ ಮುಕುಂದಯ್ಯ.

"ಬಂದೆ. ಬ್ಯಾಟರಿ ಹಾಕಿ ಹಾಡಿಸಿ."

"ನಿನ್ನ ಬ್ಯಾಟರಿ ಇಳಿದಿರ್ತದೆ."

"ನಿಮ್ಮ ಕಪಾಟಿನಾಗೆ ಹೊಸದು ಕಾಣ್ತದಲ್ಲ."

"ಅದರ ಕಟ್ಟು ಬಿಚ್ಚಿದ್ರೆ ಆಮೇಲೆ ಯಾರು ತಗೊಳ್ತಾರೆ?" ಎನ್ನುತ್ತ ಅವನು ಕರೆಂಟಿಗೆ ಸಿಕ್ಕಿಸಿದ. ರೇಡಿಯೋ ಹಾಡಿತು. "ನೋಡು. ಮಾಲು ಸರಿ ಇದೆ. ನಿಮ್ಮೂರಿಗೆ ಕರೆಂಟಿಲ್ಲದ್ದು ನನ್ನ ತಪ್ಪಾ?"

"ಈ ರೇಡಿಯೋ ಈಗ ಯಾರದು?"

"ನಿಂದೇ. ದುಡ್ಡು ಕೊಟ್ಟಿದ್ದೀಯಲ್ಲ."

"ಹೌದಲ್ಲ. ನನ್ನ ರೇಡಿಯೋ ಇಲ್ಲಿ ಹಾಡ್ತದೆ. ಹಂಗಾದ್ರೆ ನಾನು ಇಲ್ಲೇ ಕೇಳ್ತೀನಿ."

ಗಿರಾಕಿಗಳ ಬೆಂಚಿನ ನಡುವೆ ಕೂತು, ಕೈ ಚಾಚಿ ಕಿವಿಯನ್ನು ಕೊನೆಯವರೆಗೂ ತಿರುಗಿಸಿದಳು. ಮುಕುಂದಯ್ಯ ನಕ್ಕ. ಮಧ್ಯಾಹ್ನದ ಹೊತ್ತಿಗೆ ನಗು ಇಳಿದಿತ್ತು. ಗಿರಾಕಿ ಕೇಳಿದ್ದು ಅವನಿಗೆ ಕೇಳುತ್ತಿರಲಿಲ್ಲ, ಅವನು ಹೇಳಿದ್ದು ಗಿರಾಕಿಗೆ ಕೇಳುತ್ತಿರಲಿಲ್ಲ. ಆರಿಸಲು ಹೋದರೆ, "ಕೈ ತೆಗೀರಿ. ನನ್ನ ಸಾಮಾನು" ಎಂದಳು. ಬುತ್ತಿ ಬಿಚ್ಚಿ ಅಲ್ಲೇ ಉಂಡಳು.

ಎರಡನೆಯ ದಿನವೂ ಬಂದಳು. ಮೂರನೆಯ ದಿನವೂ ಬಂದಳು.

"ಪೊಲೀಸರನ್ನ ಕರೆಸ್ತೀನಿ."

"ಕರೆಸಿ. ಬ್ಯಾಟರಿಗೆ ಹಾಡ್ತದೆ ಅಂದ್ರಲ್ಲ, ಅದನ್ನ ಅವರ ಎದುರಿಗೂ ಒಂದ್ಸಲ ಹೇಳಿ."

ಅಷ್ಟರಲ್ಲಿ ತೀರ್ಥಹಳ್ಳಿ ಕಡೆಯ ಹೂವಯ್ಯ ಎಂಬ ಗೌಡರು ಬಂದರು. ಮಗಳನ್ನು ಕೊಟ್ಟ ಮನೆಗೆ ಒಂದು ಹಳೆಯ ರೇಡಿಯೋ ಬೇಕಿತ್ತು ಅವರಿಗೆ. ಮುಕುಂದಯ್ಯ ಕಪಾಟಿನ ಕಡೆ ತಿರುಗಿದ್ದೇ ತಡ, ಅವರು ಬೆಂಚಿನ ಮೇಲಿದ್ದ ಹೆಂಗಸನ್ನು ಕೇಳಿದರು.

"ಒಳ್ಳೆ ಹಾಡ್ತದಲ್ಲಮ್ಮ. ಇಲ್ಲೇ ತಗೊಂಡಿದ್ದಾ?"

"ಇಲ್ಲೇ. ಈ ಅಂಗಡಿ ಒಳಗೆ ಇದರಷ್ಟು ಚಂದ ಹಾಡೋದು ಬೇರೆ ಇಲ್ಲ. ಹೊರಗೆ ತಗೊಂಡ್ಹೋದ್ರೆ ಮೂಕ. ನಿಮ್ಮ ಮಗಳು ಅಳಿಯ ಇಲ್ಲೇ ಬಂದು ಸಂಸಾರ ಮಾಡೋದಾದ್ರೆ ಧೈರ್ಯವಾಗಿ ಕೊಳ್ಳಿ."

ಗೌಡರು ರೇಡಿಯೋ ನೋಡಿದರು, ಅವಳನ್ನು ನೋಡಿದರು, ಆಮೇಲೆ ಮುಕುಂದಯ್ಯನನ್ನು ನೋಡಿದರು. "ಕಪಾಟಿನಲ್ಲಿರೋ ಆ ಬ್ಯಾಟರಿ ಇಳಿಸಿ ಇದಕ್ಕೆ ಹಾಕಿ ಮಾರಾಯ್ರೆ. ಅದರ ದುಡ್ಡು ನಾನು ಕೊಡ್ತೀನಿ. ನೋಡೇ ಬಿಡಣ."

ಮುಕುಂದಯ್ಯನ ಕೈ ಕಪಾಟಿನ ಕಡೆಗೆ ಏಳಲಿಲ್ಲ. ಗೌಡರು ಕೊಡೆ ಎತ್ತಿಕೊಂಡು ಹೋದರು. ಎದುರಿನ ಹೋಟೆಲಿನಲ್ಲಿ ಅವರು ಕಾಫಿ ಕುಡಿಯುತ್ತ ಯಾರ ಜೊತೆಗೋ ಮಾತಾಡುವುದು, ಆ ಯಾರೋ ತಿರುಗಿ ಅಂಗಡಿಯ ಕಡೆ ನೋಡುವುದು ಇಲ್ಲಿಗೇ ಕಾಣುತ್ತಿತ್ತು.

ಮುಕುಂದಯ್ಯ ಗಲ್ಲಾ ಎಳೆದ. "ನಿನ್ನ ದುಡ್ಡು ತಗೊಂಡು ಹೋಗು ಮಾರಾಯ್ತಿ. ಪೂರ್ತಿ ತಗೋ."

"ಈಗ ಬೇಡ."

"ಮತ್ತೆ ಎಂತ ಬೇಕು ನಿಂಗೆ?"

"ದುಡ್ಡು ನಾನೇ ಹಿಡ್ಕೊಂಡು ಹೋದ್ರೆ, ತಿಂದಿದ್ದನ್ನ ಕಕ್ಕಿದ್ಲು ಅಂತಾರೆ. ನೀವು ಬನ್ನಿ. ಬಂದು ನಮ್ಮ ಜನರ ಎದುರು ಎಂತ ಮಾಡಿದ್ರೋ ಅದನ್ನ ಹೇಳಿ."

"ನಾನು? ಅಲ್ಲಿಗೆ? ನನ್ನ ಮರ್ಯಾದೆ ಎಂತ ಆಗ್ಬೇಕು?"

"ನಂದು ಹೋಗಿದ್ದು ಅಲ್ಲಿ. ಇಲ್ಲಿ ಹುಡುಕಿದ್ರೆ ಸಿಗ್ತದಾ?"

ಆ ಸಂಜೆ ಮನೆಗೆ ಹೊರಡುವಾಗ ರೇಡಿಯೋವನ್ನು ಅಲ್ಲೇ ಬಿಟ್ಟಳು. ನಾಳೆಗೆ ಹೊತ್ತು ತರುವ ಕಷ್ಟ ಯಾಕೆ ಎಂದಳು.

ಭಾನುವಾರ ಮಧ್ಯಾಹ್ನದ ಬಸ್ಸಿನಿಂದ ಮುಕುಂದಯ್ಯ ಇಳಿದ. ಬಗಲಲ್ಲಿ ಬ್ಯಾಟರಿಗೆ ಹಾಡುವ ಒಂದು ಪುಟ್ಟ ಟ್ರಾನ್ಸಿಸ್ಟರ್. ಅದನ್ನು ಕೊಟ್ಟು, ಅದೇ ಬಸ್ಸು ಹೊಸನಗರದಿಂದ ತಿರುಗಿ ಬರುವಾಗ ಹತ್ತಿಬಿಡುವ ಲೆಕ್ಕ ಅವನದು. ಅಂಗಳದಲ್ಲಿ ಜನ ಸೇರಿದ್ದರು. "ಆ ರೇಡಿಯೋ ಬದಲಿಗೆ ಇದು" ಎಂದು ನೀಡಿದ. ಕೆರಿಯಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತಳು. ಅವನ ಕೈ ಚಾಚಿದಲ್ಲೇ ಉಳಿಯಿತು.

ಕೊನೆಗೆ ಅವನು ನೆಲ ನೋಡುತ್ತ ಹೇಳಿದ: "ಆ ರೇಡಿಯೋದ ಬ್ಯಾಟರಿ ಭಾಗ ಮೊದಲೇ ಸುಟ್ಟಿತ್ತು. ಇಂಜಿನಿಯರು ನನಗೆ ಹೇಳಿಯೇ ಕೊಟ್ಟಿದ್ರು. ನಾನು ಇವರಿಗೆ ಹೇಳಲಿಲ್ಲ."

"ಬ್ಯಾಟರಿ ಹಾಕಿ ಅಂತ ನಾನು ಕೇಳಿರಲಿಲ್ವಾ?"

"ಕೇಳಿದ್ರಿ. ಕಪಾಟಲ್ಲೇ ಇತ್ತು. ಸ್ಟಾಕಿಲ್ಲ ಅಂದೆ."

"ನಂಗೆ ಎಂತ ಕೊಟ್ರಿ?"

"ಎಂತದೂ ಕೊಟ್ಟಿಲ್ಲ."

"ರಂಗಮ್ಮ, ಕೇಳ್ತಾ? ಇಲ್ಲ ಇನ್ನೊಂದ್ಸಲ ಹೇಳಿಸ್ಲಾ?"

ರಂಗಮ್ಮ ಕೊಟ್ಟಿಗೆಯಲ್ಲಿ ಕೆಲಸವಿರುವವಳಂತೆ ಎದ್ದುಹೋದಳು. ಆಗ ಕೆರಿಯಮ್ಮ ಟ್ರಾನ್ಸಿಸ್ಟರನ್ನು ಕೈಗೆ ತೆಗೆದುಕೊಂಡಳು. ಕಿವಿ ತಿರುಗಿಸಿದಳು. ಹಾಡಿತು. ಮುಕುಂದಯ್ಯ ಮೆಟ್ಟು ಹಾಕಿಕೊಳ್ಳಲು ಬಗ್ಗಿದ.

"ಎಲ್ಲಿಗೆ ಹೊರಟ್ರಿ? ಕೂತ್ಕೊಳ್ಳಿ. ಇದು ಎರಡು ಹೊತ್ತು ಹಾಡ್ಲಿ. ಬೆಳಿಗ್ಗೆನೂ ಹಾಡಿದ್ರೆ ಇಟ್ಕೊಳ್ತೀನಿ."

"ಬಸ್ಸು ಹೋಗ್ತದೆ ಕೆರಿಯಮ್ಮ."

"ನಾಳೆನೂ ಬಸ್ಸಿದೆ. ಊಟ ಹಾಕ್ತೀನಿ, ಮಲಗೋಕೆ ಚಾಪೆ ಕೊಡ್ತೀನಿ. ಉಪವಾಸ ಕೆಡವಲ್ಲ."

ಹಿಂದಿನಿಂದ ಗುತ್ಯಮ್ಮ ಮೆಲ್ಲಗೆ ಹತ್ತಿರ ಬಂದಳು. "ಕೆರಿಯಕ್ಕ, ನಮ್ಮ ಹೊಸ ಎಮ್ಮೆ ಒದೀತದೆ. ಹತ್ರ ಸೇರಿಸಲ್ಲ. ಒಂಚೂರು ಬಂದು ನೋಡ್ತೀಯಾ?"

"ಈಗ ನೋಡಿ ಎಂತ ಮಾಡ್ಲಿ? ಒದೆ ತಿನ್ನು" ಎಂದಳು ಕೆರಿಯಮ್ಮ. ಸ್ವಲ್ಪ ಬಿಟ್ಟು, "ಮುಂದಿನ ಎಮ್ಮೆಗೆ ಬಾ" ಎಂದಳು.

ಗುಡ್ಡದ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಮುಕುಂದಯ್ಯ ಕೂತಲ್ಲಿಂದಲೇ ಆ ಕಡೆ ಕತ್ತು ಚಾಚಿದ. ಕೆರಿಯಮ್ಮ ಟ್ರಾನ್ಸಿಸ್ಟರಿನ ಕಿವಿಯನ್ನು ಇನ್ನಷ್ಟು ತಿರುಗಿಸಿದಳು.