ಜನರ ಕಡೆಗಿಟ್ಟ ಮೈಕು

ಲೈವ್ ಆಲ್ಬಮ್ ಎಂದರೆ ಹಾಡಿಗಿಂತ ಜನರ ಕೆಮ್ಮು ತೆಗೆಯುವ ಕೆಲಸವೇ ಹೆಚ್ಚು. ಪದ್ಮನಾಭನಗರದ ಸಭಾಂಗಣದಲ್ಲಿ ‘ಕೆರೆಏರಿ’ ಬ್ಯಾಂಡು ಒಂದೂವರೆ ಗಂಟೆ ಹಾಡಿದ್ದನ್ನು ಶಿವಕಿರಣ್ ಬನಶಂಕರಿಯ ತನ್ನ ಮಹಡಿ ರೂಮಿನಲ್ಲಿ ಕೂತು ಹತ್ತು ದಿನದಿಂದ ಹಸನು ಮಾಡುತ್ತಿದ್ದ. ಬ್ಯಾಂಡಿನಲ್ಲಿ ಡ್ರಮ್ಸ್ ಅವನದು, ಹಾಡುವುದು ವೇಣು. ನಾಳೆ ಬೆಳಿಗ್ಗೆ ಆಲ್ಬಮ್ ಅಪ್‌ಲೋಡ್ ಆಗಬೇಕಿತ್ತು.

ಉಳಿದಿದ್ದು ಕೊನೆಯ ಹಾಡೊಂದೇ. ಬ್ಯಾಂಡಿಗೆ ಹೆಸರು ತಂದದ್ದೂ ಅದೇ.

‘ಏಳೆ ನನ ಮಗಳೆ, ಹೊತ್ತೇರಿ ಬಂತಲ್ಲ, ಹೂವ ಮುಡಿಸೇನು, ಏಳೆ.’

ಇಟ್ಟಮಡುವಿನ ಮನೆಯಲ್ಲಿ ಅಜ್ಜಿ ಮಾರಮ್ಮ ಪಾತ್ರೆ ಉಜ್ಜುತ್ತ ಗುನುಗುತ್ತಿದ್ದುದನ್ನು ವೇಣು ಕದ್ದು ಕೇಳಿ ಕಲಿತಿದ್ದ. ಯಾವ ಹಾಡಜ್ಜಿ ಎಂದರೆ, “ಯಾವ್ದೋ ಒಂದು” ಎಂದು ಆಕೆ ನಲ್ಲಿ ಜೋರಾಗಿ ತಿರುಗಿಸಿದ್ದಳು. ಸೋಮಾರಿ ಮಗಳನ್ನು ಎಬ್ಬಿಸುವ ಹಾಡು ಎಂದು ತಾನೇ ತೀರ್ಮಾನಿಸಿಕೊಂಡ ಆ ಜಾಣ ಅದಕ್ಕೆ ಕುಣಿಯುವ ತಾಳ ಹಾಕಿದ. ‘ಏಳೆ’ ಬಂದಾಗಲೆಲ್ಲ ಸಭೆಯೇ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತ “ಏಳೆ! ಏಳೆ!” ಎಂದು ಕೂಗಬೇಕು. ಆವತ್ತೂ ಐನೂರು ಜನ ಕೂಗಿದರು. ಮೊಮ್ಮಗನ ಕಾರ್ಯಕ್ರಮಕ್ಕೆ ಮೊದಲ ಸಲ ಬಂದಿದ್ದ ಮಾರಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದಳು.

“ಮಗಾ, ಇದನ್ನ ಕೇಳು,” ಎಂದ ಶಿವಕಿರಣ್, ಪಕ್ಕದಲ್ಲಿ ಕೂತಿದ್ದ ವೇಣುವಿಗೆ. ಉಳಿದ ಮೈಕುಗಳ ದನಿಯನ್ನೆಲ್ಲ ಮುಚ್ಚಿ, ಜನರ ಕಡೆ ತಿರುಗಿಸಿಟ್ಟಿದ್ದ ಮೈಕೊಂದನ್ನೇ ಬಿಟ್ಟ. “ಯಾರೋ ಅಳ್ತಿದಾರೆ. ಏನ್ ಮಾಡಿದ್ರೂ ತೆಗೆಯಕ್ಕಾಗ್ತಿಲ್ಲ ಗುರು.”

ಚಪ್ಪಾಳೆಯ ಸದ್ದಿನೊಳಗೆ ಒಂದು ದನಿ ಹಿಂದೆ ಬೀಳುತ್ತಿತ್ತು. ಅದೇ ಮಾತು, ತಾಳವಿಲ್ಲ. ಉಸಿರು ಮುಗಿದಲ್ಲಿ ನಿಲ್ಲುತ್ತಿತ್ತು, ಮತ್ತೆ ಏಳುತ್ತಿತ್ತು. “ಏಳೆ ಅಣ್ಣಮ್ಮ… ಏಳೆ ನನ್ನವ್ವ…”

ಅಜ್ಜಿಯ ದನಿ. ಹಳೇ ಇಟ್ಟಮಡುವಿನಲ್ಲಿ ಸಾವಾದಾಗ ಹೆಂಗಸರು ಹೆಣದ ಪಕ್ಕ ಕೂತು ಹಾಡಿಕೊಂಡು ಅಳುವುದನ್ನು ವೇಣು ಚಿಕ್ಕಂದಿನಲ್ಲಿ ಕೇಳಿದ್ದ. ಎಳೆದು ಎಳೆದು ಹೇಳುವ ಅದೇ ರೀತಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಇಲ್ಲಿ ಬೆಕ್ಕು ತಾನೇ ಎಂದು ತಿಳಿದಾಗ ಅವನಿಗೆ ನಾಚಿಕೆಯಾಯಿತು.

ಅಮ್ಮನಿಗೆ ಫೋನು ಮಾಡಿದ. “ಅಮ್ಮ, ಅಣ್ಣಮ್ಮ ಅಂದ್ರೆ ಯಾರು?”

“ನಮ್ಮಕ್ಕ ಕಣೋ. ನಾನು ಹುಟ್ಟೋಕ್ ಮುಂಚೆ, ಆರು ವರ್ಷಕ್ಕೇ ಜ್ವರ ಬಂದು ಹೋಗ್ಬಿಟ್ಳಂತೆ. ಅಜ್ಜಿ ಮುಂದೆ ಆ ಮಾತೆತ್ತಬೇಡ.”

ಎತ್ತಬೇಡ ಎಂದರೂ ಅರ್ಧ ಗಂಟೆಯಲ್ಲಿ ಅವನು ಇಟ್ಟಮಡುವಿನಲ್ಲಿದ್ದ. ಮಾರಮ್ಮ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ವೇಣು ಅವಳ ಕಾಲ ಬಳಿ ಕೂತ.

“ಅಜ್ಜಿ, ಅಣ್ಣಮ್ಮನ ಹಾಡು ಅಂತ ಗೊತ್ತಿರ್ಲಿಲ್ಲ. ತೆಗ್ಸಿಬಿಡ್ತೀನಿ.” ಅವಳು ಏನನ್ನುವಳೋ ಎಂಬ ಭಯಕ್ಕೆ ಅಲ್ಲೇ ಫೋನು ಹಚ್ಚಿದ. “ಶಿವಾ, ಕೊನೇ ಹಾಡು ಬೇಡ. ತೆಗಿ.”

“ತಲೆ ಕೆಟ್ಟಿದ್ಯಾ? ಅದಿಲ್ದೆ ಆಲ್ಬಮ್ ಯಾವನ್ ಕೇಳ್ತಾನೆ?”

“ತೆಗಿ ಮಗಾ,” ಎಂದು ಫೋನಿಟ್ಟ.

ಮಾರಮ್ಮ ಇನ್ನೆರಡು ಕಾಯಿ ಸುಲಿದಳು.

“ಯಾಕಪ್ಪ ತೆಗ್ಸ್ದೆ?” ಎಂದಳು. “ಅವ್ಳು ಹೋದಾವತ್ತು ನಾನೊಬ್ಳೇ ಕೂಗಿದ್ದು. ಸಾಕು ಬಿಡಮ್ಮಿ, ಹೊತ್ತಾಯ್ತು ಅಂತ ನಿಮ್ಮ ತಾತ ನನ್ನ ಎಳ್ದು ಆಚೆ ಕೂರಿಸ್ಬಿಟ್ರು. ಅಷ್ಟು ಜನ ಸೇರಿ ಕೂಗಿದ್ರೆ ಎದ್ದಿರೋಳೇನೋ.”

ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ಫೋನಲ್ಲಿ ಐತಾ? ಅವ್ರೆಲ್ಲ ಕೂಗ್ತಾರಲ್ಲ, ಅದ್ನ ಇನ್ನೊಂದ್ಸಲ ಹಾಕು.”

ಹಾಡು ಫೋನಿನಲ್ಲೇ ಇತ್ತು. ವೇಣುವಿನ ಬೆರಳು ಮಾತ್ರ ಮೇಲೇಳಲಿಲ್ಲ.