ಕೌದಿಯ ಬುತ್ತಿ

ಒಂಟಿಕೊಪ್ಪಲಿನ ಆ ಹೆಂಚಿನ ಮನೆಯಲ್ಲಿ ಮೂರು ಜನ ಇದ್ದರು: ಹೈಸ್ಕೂಲು ಮೇಷ್ಟರು ಕೃಷ್ಣಸ್ವಾಮಿ, ಅವರ ಹೆಂಡತಿ ಅಂಬುಜ, ಕೃಷ್ಣಸ್ವಾಮಿಯ ಸೋದರತ್ತೆ ಸುಂದರಮ್ಮ. ನಾಲ್ಕನೆಯದಾಗಿ ಸುಂದರಮ್ಮನವರ ಮಡಿ ಇತ್ತು. ಮನೆಯ ಯಜಮಾನಿಕೆಯೆಲ್ಲ ಅದರದೇ. ಯಾರು ಎಲ್ಲಿ ಕೂರಬೇಕು, ಯಾವ ಬಿಂದಿಗೆಯನ್ನು ಯಾರು ಮುಟ್ಟಬೇಕು, ಒಗೆದದ್ದನ್ನು ಯಾವ ಗಳುವಿನ ಮೇಲೆ ಹರವಬೇಕು, ಎಲ್ಲವೂ ಅದು ಹೇಳಿದಂತೆ. ಹನ್ನೆರಡಕ್ಕೆ ಮದುವೆಯಾಗಿ ಹದಿನಾರಕ್ಕೆ ತಲೆ ಬೋಳಿಸಿಕೊಂಡು ಕೆಂಪು ಸೀರೆ ಉಟ್ಟ ಹೆಂಗಸಿಗೆ ಲೋಕ ಬೇರೇನನ್ನೂ ಕೊಡದೆ ಮಡಿಯೊಂದನ್ನೇ ಕೊಟ್ಟಿತ್ತು. ಕೊಟ್ಟದ್ದನ್ನು ಅವರು ಚೆನ್ನಾಗಿ ಇಟ್ಟುಕೊಂಡಿದ್ದರು. ಅವರನ್ನು ಆಡಿಕೊಳ್ಳುವ ಬೀದಿಯ ಜನ ಮೊದಲು ಅದನ್ನು ನೆನೆಯಬೇಕಿತ್ತು.

ಆ ಮಡಿಯ ದೆಸೆಯಿಂದ ಸುಂದರಮ್ಮ ಊರು ಬಿಟ್ಟು ಹೋದದ್ದೂ ಇಲ್ಲ. ನಂಜನಗೂಡು, ಶ್ರೀರಂಗಪಟ್ಟಣ, ಮುಗಿಯಿತು. ಅದೂ ಸಂಜೆಯೊಳಗೆ ಮನೆಗೆ ವಾಪಸ್ಸು. ರೈಲೆಂದರೆ ಕೂರುವ ಹಲಗೆಯ ಮೇಲೆ ಮುಂಚೆ ಯಾರು ಕೂತಿದ್ದರೋ, ತಿನ್ನುವುದು ಯಾರ ಕೈಯದೋ. ಆದರೆ ಯಾರಾದರೂ ಊರಿಗೆ ಹೋಗಿ ಬಂದರೆ ಸಾಕು, ಅವರನ್ನು ಮೈಲಿಗೆ ತಾಗದಂತೆ ನಡುಮನೆಯ ಕಂಬದ ಆಚೆಗೆ ಕೂರಿಸಿ ಅಲ್ಲಿಯ ಹೊಳೆ ಎಷ್ಟು ಅಗಲ, ನೀರಿನ ರುಚಿ ಹೇಗೆ, ಹೆಂಗಸರು ಸೆರಗು ಯಾವ ಕಡೆಗೆ ಹೊದೆಯುತ್ತಾರೆ ಎಂದು ವಕೀಲರಂತೆ ಕೇಳುತ್ತಿದ್ದರು.

ಮಲಗುವುದು ಬರಿಯ ಗಾರೆ ನೆಲದ ಮೇಲೆ, ತಲೆಗೊಂದು ಮಣೆ. ಹೋದ ಧನುರ್ಮಾಸದಲ್ಲಿ ಒಂದು ಬೆಳಗ್ಗೆ ಅವರಿಗೆ ಏಳಲಾಗಲಿಲ್ಲ. ಸೊಂಟ, ಮಂಡಿ ಎರಡೂ ಹಿಡಿದುಬಿಟ್ಟಿದ್ದವು. ಅಂಬುಜ ಒದ್ದೆ ಸೀರೆ ಉಟ್ಟು ಬಂದು ಎತ್ತುವವರೆಗೆ ಅವರು ಯಾರನ್ನೂ ಮುಟ್ಟಗೊಡದೆ ಹಾಗೆಯೇ ಬಿದ್ದಿದ್ದರು. ನೋಡಲು ಬಂದ ಡಾಕ್ಟರು ಹೊರಗೆ ಬಂದು, "ಇನ್ನೊಂದು ಚಳಿಗಾಲ ಆ ನೆಲದ ಮೇಲೆ ಕಳೆದರೆ ಮತ್ತೆ ಏಳೋದಿಲ್ಲ ಮೇಷ್ಟ್ರೇ" ಎಂದರು.

ಕೃಷ್ಣಸ್ವಾಮಿ ಹಾಸಿಗೆಯ ಮಾತೆತ್ತಿದರು.

"ಹತ್ತಿ ಹಾಸಿಗೇನ ದಿನಾ ನೀರಿಗೆ ಹಾಕಿ ಹಿಂಡೋಕಾಗುತ್ತೇನೋ ಕಿಟ್ಟ?" ಎಂದರು ಅತ್ತೆ.

"ಕಂಬಳಿಗೆ ಮೈಲಿಗೆ ಇಲ್ಲವಲ್ಲ?"

"ಚುಚ್ಚುತ್ತೆ ಕಣೋ. ನೆಲವೇ ವಾಸಿ."

ಆರು ತಿಂಗಳ ಮಗುವಾಗಿದ್ದಾಗ ತಾಯಿಯನ್ನು ಕಳೆದುಕೊಂಡ ಕೃಷ್ಣಸ್ವಾಮಿಯನ್ನು ಸಾಕಿದವರು ಆಕೆ. ತವರಿಲ್ಲದ ಅಂಬುಜಳಿಗೆ ಸಾರಿನ ಪುಡಿ ಹುರಿಯುವುದರಿಂದ ಹಿಡಿದು ಎಲ್ಲ ಕಲಿಸಿದವರೂ ಆಕೆಯೇ. ಆಕೆ ಮತ್ತೆ ಹಾಗೆ ನೆಲ ಹಿಡಿದು ಬಿದ್ದಿರುವುದನ್ನು ನೋಡುವ ಧೈರ್ಯ ಅಂಬುಜಳಿಗೆ ಇರಲಿಲ್ಲ.

ರಾಜ್ಯ ಒಂದಾದ ಹೊಸತು. ಪಠ್ಯಪುಸ್ತಕಗಳನ್ನು ತಿದ್ದುವ ಕೆಲಸಕ್ಕೆಂದು ಕೃಷ್ಣಸ್ವಾಮಿಗೆ ಮೂರು ವಾರ ಧಾರವಾಡಕ್ಕೆ ಹೋಗಬೇಕಾಯಿತು. ಅತ್ತೆಯ ಸೊಂಟ ಅಷ್ಟರಲ್ಲಿ ಸ್ವಲ್ಪ ಸಡಿಲವಾಗಿತ್ತು. "ನೀನೂ ಹೋಗಿ ಬಾ. ನಂದು ನಾನು ಮಾಡ್ಕೋತೀನಿ. ಬಂದು ಎಲ್ಲಾ ಹೇಳ್ಬೇಕು, ಅಷ್ಟೇ" ಎಂದು ಅಂಬುಜಳನ್ನೂ ಹೊರಡಿಸಿದರು.

ಧಾರವಾಡದಲ್ಲಿ ಅವರು ಇಳಿದುಕೊಂಡ ಮನೆಯ ಹಿತ್ತಿಲಿನ ಗೋಡೆಯ ಮೇಲೆ ಒಂದು ಬೆಳಗ್ಗೆ ಅಂಬುಜ ಕೌದಿಯನ್ನು ಕಂಡಳು. ಹಳೆಯ ಸೀರೆ, ಕುಪ್ಪಸ, ಧೋತರದ ತುಂಡುಗಳನ್ನು ಒಂದರ ಪಕ್ಕ ಒಂದು ಕೂರಿಸಿ, ಪದರದ ಮೇಲೆ ಪದರವಿಟ್ಟು, ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಹೊಲಿದ ಹೊದಿಕೆ ಅದು. ಮೈಸೂರಿನಲ್ಲಿ ಹಳೇ ಬಟ್ಟೆ ಪಾತ್ರೆಯವಳ ಬುಟ್ಟಿಗೆ ಹೋಗುತ್ತಿತ್ತು, ಇಲ್ಲವೇ ಒಲೆಯ ಮಸಿಬಟ್ಟೆಯಾಗುತ್ತಿತ್ತು. ಇಲ್ಲಿ ಅದು ಗೋಡೆಯ ತುಂಬ ಹಬ್ಬ ಮಾಡಿಕೊಂಡು ಬಿಸಿಲು ಕಾಯಿಸುತ್ತಿತ್ತು. ಅಂಬುಜ ಕೈಯಲ್ಲಿದ್ದ ಕಾಫಿ ಆರುವವರೆಗೆ ನೋಡುತ್ತ ನಿಂತಳು.

ಹೊಲಿಯುವವಳು ಪಕ್ಕದ ಮನೆಯ ನೀಲವ್ವ. ಮೂರು ವಾರದ ಮಧ್ಯಾಹ್ನಗಳೆಲ್ಲ ಅಂಬುಜ ಅವಳ ಕಟ್ಟೆಯ ಮೇಲೆಯೇ ಕಳೆದಳು. ಕಡೆಯ ದಿನ ಒಂದು ಕೌದಿ ಮುಗಿಯುವಾಗ ನೀಲವ್ವ ಕೊನೆಯ ಮೂಲೆಯನ್ನು ಬಿಟ್ಟುಕೊಂಡು, ಒಳಗೆ ಎದ್ದುಹೋಗಿ ಜೋಳದ ರೊಟ್ಟಿಯ ಒಂದು ಚೂರು ತಂದು ಅದರೊಳಗಿಟ್ಟು ಹೊಲಿದಳು.

"ಇದೇನು ನೀಲವ್ವ?"

"ಹೊಟ್ಟಿ ಖಾಲಿ ಇಟ್ಟು ಹೊಲೀಬಾರದ್ರೀ ಅಕ್ಕಾರ. ತಾನ ಉಪವಾಸ ಇದ್ದ ಕೌದಿ ಇನ್ನೊಬ್ಬರನ್ನ ಏನ್ ಬೆಚ್ಚಗ ಇಟ್ಟೀತು?"

ಆ ಮಾತು ಅಂಬುಜಳ ಮನಸ್ಸಿನಲ್ಲಿ ಕೂತುಬಿಟ್ಟಿತು.

ವಾಪಸ್ಸು ಬರುವಾಗ ಹಗಲಿನ ರೈಲು. ಬ್ಯಾಡಗಿಯ ಹತ್ತಿರ ಕಿಟಕಿಯ ಆಚೆ ಮೆಣಸಿನಕಾಯಿ ಒಣಹಾಕಿದ್ದರು. ಕಪ್ಪು ನೆಲದ ಪಕ್ಕದಲ್ಲಿ ಕಣ್ಣು ಹಾಯುವಷ್ಟು ಕೆಂಪು, ಅದರಾಚೆ ಒಣಗಿದ ಜೋಳದ ದಂಟಿನ ಹಳದಿ, ಹಿಂದೆಯೇ ಬಿಡಿಸದೆ ಉಳಿದ ಹತ್ತಿಯ ಬಿಳಿ. ನೀಲವ್ವ ಇದನ್ನೇ ಅಲ್ಲವೇ ಹೊಲಿಯುವುದು ಎಂದು ಅಂಬುಜಳಿಗೆ ಹೊಳೆಯಿತು. ಗಂಡನ ಕೈಯಿಂದ ತಿದ್ದಿ ಮುಗಿದ ಕರಡಿನ ಹಾಳೆಯೊಂದನ್ನು ಕಿತ್ತುಕೊಂಡು ಹಿಂಬದಿಯಲ್ಲಿ ಗೆರೆ ಎಳೆಯತೊಡಗಿದಳು: ಎಲ್ಲಿ ಯಾವ ಬಣ್ಣ, ಯಾವ ಸ್ಟೇಷನ್ನು. ಮೈಸೂರು ತಲುಪುವಷ್ಟರಲ್ಲಿ ಅಂಥ ಒಂಬತ್ತು ಹಾಳೆ ಆಗಿದ್ದವು.

"ಏನು ಭೂಗೋಳದ ಪರೀಕ್ಷೆ ಕಟ್ಟಿದೀಯಾ?" ಎಂದರು ಕೃಷ್ಣಸ್ವಾಮಿ.

"ಅತ್ತೆಗೆ ಹಾಸಿಗೆ" ಎಂದಳು ಅಂಬುಜ.

ಗಂಡನಿಗೆ ಅರ್ಥವಾಗಲಿಲ್ಲ, ಅವಳ ಲೆಕ್ಕ ಮಾತ್ರ ಸರಿಯಾಗಿತ್ತು. ನೂಲಿನ ಬಟ್ಟೆ ಒಗೆಯದೆ ಮಡಿಯಾಗದು. ರೇಷ್ಮೆಗೆ ಆ ಕಾಟವಿಲ್ಲ. ಯಾರು ಮುಟ್ಟಿದರೂ ಅದು ಮಡಿಯೇ. ಕೌದಿಯನ್ನು ಪೂರ್ತಿ ರೇಷ್ಮೆಯಲ್ಲೇ ಹೊಲಿದರೆ ಅತ್ತೆ ಏನು ಹೇಳಿಯಾರು?

ರೇಷ್ಮೆಯ ಊರಲ್ಲಿ ರೇಷ್ಮೆಯ ಚೂರಿಗೆ ಬರವೇ? ಒಳಗಿನ ಪದರಕ್ಕೆ ತನ್ನದೇ ಸವೆದ ಪಟ್ಟೆಸೀರೆಗಳಿದ್ದವು. ಮೇಲ್ಮೈಗೆ ಬೇಕಾದ ಬಣ್ಣಗಳು ಸರ್ಕಲ್ಲಿನ ದರ್ಜಿ ಮರಿಸ್ವಾಮಿಯ ಅಂಗಡಿಯಲ್ಲಿ, ಮಿಷನ್ನಿನ ಕೆಳಗೆ ಬಿದ್ದಿರುತ್ತಿದ್ದವು. ವಾರಕ್ಕೊಂದು ಸಲ ಅಂಬುಜ ಚೀಲ ಹಿಡಿದು ಹೋಗಿ ನಿಲ್ಲುತ್ತಿದ್ದಳು.

"ಏನ್ರವ್ವ, ಮೇಷ್ಟ್ರ ಮನೆಯೋರು ಚಿಂದಿ ಆಯಾಕೆ ಬರ್ತೀರಲ್ಲ, ನೋಡ್ದೋರು ಏನಂದಾರು?" ಎಂದ ಮರಿಸ್ವಾಮಿ ಮೊದಲ ಸಲ. ನಾಲ್ಕನೆಯ ಸಲ ಅವಳು ಕಪ್ಪು ರೇಷ್ಮೆ ಸಿಗುತ್ತಿಲ್ಲವೆಂದು ಹೇಳಿಕೊಂಡಳು. ಕಪ್ಪು ನೆಲವಿಲ್ಲದೆ ಧಾರವಾಡ ಎಲ್ಲಿಂದ ಬರಬೇಕು? ಅವನು ತಲೆ ಕೆರೆದುಕೊಂಡು ಒಳಗಿನಿಂದ ಒಂದು ಗಂಟು ತಂದ. "ವಕೀಲ್ರೊಬ್ರು ಕೋಟಿನ ಒಳಮೈ ಬದಲಾಯಿಸಾಕೆ ಕೊಟ್ಟಿದ್ರು. ಹಳೇದು ಬ್ಯಾಡ ಅಂದ್ಬುಟ್ರು. ಒಳ್ಳೇ ರೇಷ್ಮೆ ಕಣ್ರವ್ವ, ತಕ್ಕೊಂಡೋಗಿ."

ಕಾಲು ಭಾಗ ಹೊಲಿದಿದ್ದಾಗ ಅತ್ತೆ ಕಂಬದ ಆಚೆಯಿಂದ ಒಂದು ಮಾತು ಕೇಳಿದರು: "ದಾರ ಯಾವುದೇ?"

ಅಂಬುಜ ಕೈಯಲ್ಲಿದ್ದ ಉಂಡೆಯನ್ನು ನೋಡಿದಳು. ಅಂಗಡಿಯ ನೂಲಿನ ದಾರ. ಎರಡು ತಿಂಗಳ ಹೊಲಿಗೆಯನ್ನು ಅವತ್ತೇ ಬಿಚ್ಚಲು ಕೂತಳು, ಸ್ವಲ್ಪ ಅತ್ತಳು ಕೂಡ. ಮಾವನವರು ಪೂಜೆಗೆ ಉಡುತ್ತಿದ್ದ ಒಂದು ರೇಷ್ಮೆ ಮಗುಟ ಪೆಟ್ಟಿಗೆಯಲ್ಲಿತ್ತು. ಅದರ ಎಳೆಗಳನ್ನು ಒಂದೊಂದಾಗಿ ಹಿರಿದು, ಹುರಿ ಮಾಡಿ, ಮೊದಲಿನಿಂದ ಹೊಲಿದಳು.

ಧನುರ್ಮಾಸ ಶುರುವಾಗುವ ಮುನ್ನಾದಿನ ಕೌದಿ ಮುಗಿಯುತ್ತ ಬಂತು. ಕೊನೆಯ ಮೂಲೆ ಬಾಕಿ ಇತ್ತು. ನೀಲವ್ವನ ಮಾತು ನೆನಪಾಗಿ ಅಂಬುಜ ಅಡುಗೆಮನೆಗೆ ಹೋದಳು. ಜೋಳದ ರೊಟ್ಟಿ ತಟ್ಟಲು ಬಾರದು. ಗೋಧಿಹಿಟ್ಟು ಕಲಸಿ, ಮೊದಲ ಊಟ ಸಿಹಿಯಾಗಿರಲೆಂದು ಚೂರು ಬೆಲ್ಲವಿಟ್ಟು, ಅಂಗೈಯಗಲದ ಚಪಾತಿ ಮಾಡಿ ಮೂಲೆಯೊಳಗಿಟ್ಟು ಹೊಲಿದುಬಿಟ್ಟಳು. ಬೇಯಿಸಿದ ಅಡುಗೆ ತಗುಲಿದ್ದು ಮುಸುರೆ, ಅದು ರೇಷ್ಮೆಯನ್ನೂ ಬಿಡುವುದಿಲ್ಲ ಎಂಬುದನ್ನು ಆ ಮನೆಯಲ್ಲಿ ಆರು ವರ್ಷ ಬಾಳಿದವಳು ಮರೆತದ್ದು ಹೇಗೆ? ಪ್ರೀತಿಯ ಕೆಲಸ ಮಾಡುವಾಗ ಬುದ್ಧಿಗೆ ಅಷ್ಟು ಕೆಲಸ ಇರುವುದಿಲ್ಲ.

ಸುಂದರಮ್ಮ ಕೌದಿಯ ನಾಲ್ಕೂ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದರು, ದಾರದ ಎಳೆಯನ್ನು ನೋಡಿದರು. ತಪ್ಪು ಸಿಗಲಿಲ್ಲ. "ನನಗೆ ಇಷ್ಟೊಂದು ಬಣ್ಣವೇ?" ಎಂದರು.

"ಉಡೋದಲ್ಲ ಅತ್ತೆ, ಹಾಸೋದು."

ಅವತ್ತು ಅವರು ಅದರ ಮೇಲೆ ಮಲಗಿದರು. ಮಾರನೆಯ ಬೆಳಗ್ಗೆ ಯಾರ ನೆರವೂ ಇಲ್ಲದೆ ಎದ್ದು ಬಾವಿಕಟ್ಟೆಗೆ ಹೋದರು. ಅಂಬುಜ ಬಾಗಿಲ ಸಂದಿಯಿಂದ ನೋಡಿ ಕಣ್ಣೊರೆಸಿಕೊಂಡಳು.

ಮಧ್ಯಾಹ್ನ ಅತ್ತೆ ಕೌದಿಯ ಮೇಲೆ ಕೂತು, ಕೆಳಗಿನ ಮೂಲೆಯಿಂದ ಮೇಲಿನ ಮೂಲೆಗೆ ಓರೆಯಾಗಿ ಹೋಗಿದ್ದ ಜರಿಯ ಎರಡು ಎಳೆಗಳ ಮೇಲೆ ಬೆರಳಿಟ್ಟರು. "ಇದೇನೇ?"

"ರೈಲು ಕಂಬಿ ಅತ್ತೆ. ಈ ಹಸಿರು ನಮ್ಮ ಗದ್ದೆಗಳು. ಹಳದಿ ಚೌಕ ಇದೆಯಲ್ಲ, ಅರಸೀಕೆರೆ. ಅಲ್ಲಿ ಗಾಡಿ ಬದಲಾಯಿಸ್ಬೇಕು."

"ಎಷ್ಟು ಹೊತ್ತು ಕಾಯ್ಬೇಕು?"

"ಮೂರು ಗಂಟೆ."

ಅತ್ತೆ ಬೆರಳನ್ನು ಹಳದಿ ಚೌಕದ ಮೇಲಿಟ್ಟುಕೊಂಡು ಕೂತರು. ಮಾರನೆಯ ದಿನ ಅವರಾಗಿಯೇ, "ನೆನ್ನೆ ಅರಸೀಕೆರೇಲಿ ನಿಂತಿದ್ದೆ. ಮುಂದಕ್ಕೆ ಹೇಳು" ಎಂದರು. ಹೀಗೆ ದಿನಕ್ಕಿಷ್ಟು ದೂರ. ಕಡೂರಿನ ತೆಂಗು, ದಾವಣಗೆರೆಯ ಹತ್ತಿ, ಹರಿಹರದ ಹೊಳೆ. ನಾಲ್ಕನೆಯ ದಿನ ಬ್ಯಾಡಗಿಯ ಕೆಂಪಿಗೆ ಬಂದಾಗ ಮೆಣಸಿನ ಘಾಟು ರೈಲಿನೊಳಗೂ ಬರುತ್ತದೆಂದು ಕೇಳಿ ಮೂಗು ಮುಚ್ಚಿಕೊಂಡು ನಕ್ಕರು. ಅತ್ತೆ ಹಾಗೆ ನಕ್ಕದ್ದನ್ನು ಅಂಬುಜ ಕಂಡಿರಲಿಲ್ಲ. ಕಪ್ಪು ನೆಲಕ್ಕೆ ಇನ್ನೊಂದು ಗೇಣು ಬಾಕಿ ಇತ್ತು.

ಐದನೆಯ ಬೆಳಗ್ಗೆ ಇರುವೆ ಬಂದವು. ಹೊಸ್ತಿಲಿನಿಂದ ಹೊರಟ ಸಾಲು ಸೀದಾ ಕೌದಿಯ ಧಾರವಾಡದ ಮೂಲೆಗೆ ಹೋಗಿ ಹೊಕ್ಕಿತ್ತು.

"ಅಂಬುಜ, ಇಲ್ಲಿ ಏನಿಟ್ಟಿದೀಯ?"

ಅವಳಿಗೆ ಆ ಕ್ಷಣದಲ್ಲಿ ಎಲ್ಲ ಹೊಳೆಯಿತು. ನೀಲವ್ವ ಹೇಳಿದ್ದು, ತಾನು ಇಟ್ಟದ್ದು, ಎಲ್ಲವನ್ನೂ ತಲೆತಗ್ಗಿಸಿಕೊಂಡು ಹೇಳಿದಳು. ಅತ್ತೆ ಎದ್ದು ಬಾವಿಕಟ್ಟೆಗೆ ಹೋದರು. ಒಂದಾದ ಮೇಲೊಂದು ಕೊಡ ನೀರು ಸುರಿದುಕೊಳ್ಳುವ ಸದ್ದು ಕೇಳುತ್ತಿತ್ತು. ಆ ಚಳಿಯಲ್ಲಿ ಅಷ್ಟು ತಣ್ಣೀರು. ಅಂಬುಜ ಎಣಿಸುತ್ತ ನಿಂತಳು. ಹನ್ನೊಂದು ಕೊಡ. ಕೌದಿ ಹೋಯಿತು, ಅತ್ತೆ ಮತ್ತೆ ನೆಲಕ್ಕೆ ಹೋದರು, ಎಲ್ಲ ತನ್ನ ಒಂದು ತುಂಡು ಬೆಲ್ಲದಿಂದ ಎಂದುಕೊಂಡಳು.

ಒದ್ದೆ ಸೀರೆಯಲ್ಲಿ ಬಂದ ಅತ್ತೆ ಬಗ್ಗಿ ಕೌದಿಯ ಮೂಲೆಯನ್ನು ನೋಡಿದರು. ಆಮೇಲೆ ಕೇಳಿದರು: "ಹಿಟ್ಟು ಯಾವುದರಲ್ಲಿ ಕಲಸಿದ್ದೆ? ಹಾಲಲ್ಲೋ ನೀರಲ್ಲೋ?"

ಹಾಲಿನಲ್ಲಿ ಕಲಸಿದ ಚಪಾತಿಗೆ ಮುಸುರೆಯಿಲ್ಲ. ಮಡಿವಂತರು ದಾರಿಗೆ ಕಟ್ಟಿಕೊಳ್ಳುವುದು ಅದನ್ನೇ. ಹಾಲು ಎಂದುಬಿಟ್ಟರೆ ಮುಗಿಯುತ್ತಿತ್ತು. ಅತ್ತೆಯ ಕಣ್ಣು ಆ ಮಾತನ್ನೇ ಬೇಡುತ್ತಿರುವಂತೆ ಅಂಬುಜಳಿಗೆ ಕಂಡಿತು. ಅವರು ಹನ್ನೊಂದು ಕೊಡ ನೀರು ಸುರಿದುಕೊಂಡು ಬಂದಿದ್ದಾರೆ. ಅವರಿಗೆ ಸುಳ್ಳು ಹೇಳುವುದು ಆಗಲಿಲ್ಲ.

"ನೀರಲ್ಲಿ ಅತ್ತೆ."

"ಹೂಂ" ಎಂದರು ಸುಂದರಮ್ಮ. "ಆ ಮೂಲೆ ಬಿಚ್ಚು. ತೆಗೆದು ಹಸುವಿಗೆ ಹಾಕು. ಅಷ್ಟು ಚೂರು ರೇಷ್ಮೆ ಕತ್ತರಿಸಿ ಬೇರೆ ಹಚ್ಚು. ಉಳಿದದ್ದಕ್ಕೆ ಏನಾಗಿದೆ?"

ಹೀಗೊಂದು ಮಾತು ಶಾಸ್ತ್ರದಲ್ಲಿ ಎಲ್ಲಿದೆಯೋ ಅಂಬುಜಳಿಗೆ ತಿಳಿಯದು. ಐವತ್ತು ವರ್ಷ ಶಾಸ್ತ್ರವನ್ನು ಒಬ್ಬರೇ ಹೊತ್ತವರಿಗೆ ಅದನ್ನು ಒಂದು ಚೂರು ಕತ್ತರಿಸುವ ಹಕ್ಕು ಇರಲೇಬೇಕು.

ಅವಳು ಮೂಲೆ ಬಿಚ್ಚುತ್ತಿರುವಾಗ ಅಡುಗೆಮನೆಯಿಂದ ಲಟ್ಟಣಿಗೆಯ ಸದ್ದು ಬಂತು. ಅತ್ತೆ ಮಡಿಯಲ್ಲಿ ಹಾಲು ಹಾಕಿ ಹಿಟ್ಟು ಕಲಸಿಕೊಂಡಿದ್ದರು. ಬೆಲ್ಲವಿಲ್ಲದ ಒಂದು ಪುಟ್ಟ ಚಪಾತಿಯನ್ನು ಗರಿಗರಿಯಾಗಿ ಬೇಯಿಸಿ, ಎರಡು ಬೇವಿನೆಲೆ ಜೊತೆಗಿಟ್ಟು ತಂದರು. "ಪಾಪ, ಅದ್ಯಾಕೆ ಉಪವಾಸ ಇರ್ಬೇಕು? ಇಡು. ಬೇವಿದ್ರೆ ಇರುವೆ ಬರಲ್ಲ."

ಅಂಬುಜ ಇಟ್ಟು ಹೊಲಿದಳು. ಒಳಗೆ ಹೋಗಿ ನೋಡಿದರೆ ಒಲೆಯ ಪಕ್ಕ ಇನ್ನೂ ಆರು ಚಪಾತಿ, ದೊಡ್ಡವು. ಅತ್ತೆ ಅವನ್ನು ಹಿತ್ತಾಳೆ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯುತ್ತಿದ್ದರು. ಅವರಿಗೆ ದಿನಕ್ಕೆ ಒಂದು ಹೊತ್ತಿನ ಊಟ.

"ಇಷ್ಟೊಂದು ಯಾರಿಗೆ ಅತ್ತೆ?"

"ಇವತ್ತು ತಿನ್ನೋಕಲ್ಲ. ನಾಳಿದ್ದು ತೆಗೀಬೇಕು."

ಮೂರನೆಯ ದಿನ ಅತ್ತೆ ಡಬ್ಬಿ ಬಿಚ್ಚಿ, ಮೂಸಿ ನೋಡಿ, ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡರು. ಕೃಷ್ಣಸ್ವಾಮಿ ಸ್ಕೂಲಿಗೆ ಹೊರಡುತ್ತ ಬಾಗಿಲಲ್ಲಿ ಷೂ ಹಾಕಿಕೊಳ್ಳುತ್ತಿದ್ದರು. ಮುಂದಿನ ತಿಂಗಳು ಅದೇ ಕೆಲಸಕ್ಕೆ ಮತ್ತೆ ಧಾರವಾಡಕ್ಕೆ ಕರೆ ಬಂದಿತ್ತು.

"ಸ್ವಲ್ಪ ಗಟ್ಟಿಯಾಗಿದೆ. ತುಪ್ಪ ಇನ್ನೊಂದು ಚಮಚ ಬೀಳ್ಬೇಕು. ಕೆಟ್ಟಿಲ್ಲ" ಎಂದರು ಅತ್ತೆ. "ನೀರು ಬೆಳ್ಳಿ ಚೊಂಬಲ್ಲಿ ನಾನೇ ತರ್ತೀನಿ. ಹಲಗೆ ಮೇಲೆ ಹಾಸಿ ಕೂರೋದಕ್ಕೆ ಇದು ಇದ್ದೇ ಇದೆ."

ಅಂಬುಜ ಗಂಡನ ಮುಖ ನೋಡಿದಳು. ಅವರು ಒಂದು ಕಾಲಿಗೆ ಷೂ ಹಾಕಿಕೊಂಡು ಹಾಗೆಯೇ ಕೂತಿದ್ದರು. ಸುಂದರಮ್ಮ ಕೌದಿಯನ್ನು ನಾಲ್ಕಾಗಿ, ಎಂಟಾಗಿ ಮಡಿಸಿ, ಎದೆಗೊತ್ತಿಕೊಂಡು ಎದ್ದು ನಿಂತರು.

"ಕಿಟ್ಟ, ಕಿಟಕಿ ಪಕ್ಕದ ಜಾಗ ಸಿಗುತ್ತೇನೋ?"