ಗೆರೆಯಿಲ್ಲದ ಬೆರಳು

"ಇವೇನು ಬೆರಳಾ, ಸಿಪ್ಪೆ ಸುಲಿದ ಆಲೂಗಡ್ಡೇನಾ?"

ಗುಮಾಸ್ತ ನನ್ನ ಹೆಬ್ಬೆರಳನ್ನು ಮತ್ತೊಮ್ಮೆ ಮಸಿಗೆ ಒತ್ತಿ ಹಾಳೆಯ ಮೇಲೆ ಉರುಳಿಸಿದ. ಮೂಡಿದ್ದು ಬರೀ ಕಪ್ಪು ಬೊಟ್ಟು. ನಾಲ್ಕನೆಯ ಹಾಳೆಯೂ ಕೆಟ್ಟಿತು.

ಶಿಕ್ಷಕಿಯ ಪರವಾನಗಿಗೆ ಬೇಕಾದ ಉಳಿದದ್ದೆಲ್ಲ ಅವನ ಮುಂದಿತ್ತು: ಪದವಿ, ತರಬೇತಿ, ಅರ್ಹತಾ ಪರೀಕ್ಷೆಯ ಅಂಕಪಟ್ಟಿ, ವೈದ್ಯರ ಪತ್ರ. ಇನ್ನು ಹತ್ತು ಬೆರಳ ಗುರುತು ಪೊಲೀಸರಿಗೆ ಹೋಗಿ, ನಾನು ಕಳ್ಳಿಯಲ್ಲ ಎಂದು ಬರಬೇಕು. ಅರ್ಜಿಗೆ ಇವತ್ತೇ ಕಡೆಯ ದಿನ.

"ಏನ್ ಕೆಲಸ ಮಾಡ್ತೀಯ?"

"ಕಕ್ಕಸು ತೊಳೀತೀನಿ ಸಾರ್. ಅವ್ವನ ಜೊತೆ. ಹತ್ತು ವರ್ಷದಿಂದ ಆಸಿಡ್ಡಲ್ಲೇ ಕೈ."

ಅವನು ಪಕ್ಕದ ಮೇಜಿನ ಕಡೆ ತಿರುಗಿದ. "ಕೇಳಿದ್ರೇನ್ರಿ? ಬೆಳಗ್ಗೆ ಕಕ್ಕಸು, ಮಧ್ಯಾಹ್ನ ಕಾಗುಣಿತ."

ಪಕ್ಕದ ಮೇಜು ಚಹಾ ಉಗುಳುವಷ್ಟು ನಕ್ಕಿತು.

"ಮೂರು ತಿಂಗಳು ಸುಮ್ನೆ ಕೂರು. ಚರ್ಮ ಬೆಳೆಯುತ್ತೆ. ಮುಂದಿನ ವರ್ಷ ಬಾ."

"ಮುಂದಿನ ವರ್ಷಕ್ಕೆ ವಯಸ್ಸು ಮೀರ್ತದೆ ಸಾರ್. ಮೂರು ತಿಂಗಳು ಕೂತ್ರೆ ಉಣ್ಣೋದೇನು?"

"ಅದನ್ನೂ ನಾನೇ ಬಂದು ಉಣ್ಣಿಸ್ಲಾ?"

ಈ ಕಚೇರಿಯ ಕಕ್ಕಸು ತೊಳೆಯುವುದೂ ಅವ್ವನೇ. ಈ ಮನುಷ್ಯನನ್ನು ಅವಳು ಬಲ್ಲಳು. "ಆ ಮುಂಡೇಮಗ ಮೂಗು ಮುಚ್ಕೊಂತಾನೆ ಕಣೆ, ಕೈ ಕೊಡು," ಎಂದು ನಿನ್ನೆ ಸಂಜೆ ಸೋಡಾಪುಡಿ ಹಾಕಿ, ಒಂದೊಂದೇ ಬೆರಳನ್ನು ಕಲ್ಲಿನಿಂದ ತಿಕ್ಕಿದ್ದಳು. ಉಳಿದಿದ್ದ ನಾಲ್ಕು ಗೆರೆ ಆ ಅಕ್ಕರೆಯಲ್ಲೇ ಹೋದವು.

ಗುಮಾಸ್ತ ಅರ್ಜಿಯನ್ನು ಹರಿದು ಬುಟ್ಟಿಗೆ ಹಾಕಿದ. "ನಡಿ ನಡಿ. ಆ ಕೈ ಎಲ್ಲೂ ತಾಗಿಸಬೇಡ. ಗೋಡೆ ಹೊಸದು."

ಗೋಡೆಗೆ ಬಿಳಿ ಟೈಲ್ಸ್ ಹಾಕಿದ್ದರು. ಅದರ ಮೇಲೆ ಶಿಕ್ಷಕರಾಗಲು ಬೇಕಾದ ಅರ್ಹತೆಗಳ ಪಟ್ಟಿ. ನಾನು ಮೇಜಿನ ಮೇಲಿದ್ದ ಮಸಿಯ ಪ್ಯಾಡನ್ನು ನನ್ನತ್ತ ಎಳೆದುಕೊಂಡು ಹತ್ತೂ ಬೆರಳನ್ನು ಅದ್ದಿದೆ. ಪಟ್ಟಿಯ ಕೊನೆಯ ಸಾಲಿನ ಕೆಳಗೆ, ಒಂದೊಂದಾಗಿ, ಒತ್ತಿದೆ.

"ಏನೇ, ಕೊಬ್ಬಾ? ಏಯ್, ಯಾರಲ್ಲಿ! ಆ ಮುದುಕೀನ ಕರೀರಿ. ಆಸಿಡ್ ತರೋಕೆ ಹೇಳಿ."

ಅವ್ವ ಬಾಟಲಿ ಹಿಡಿದು ಬಂದಳು, ಹೆಗಲ ಮೇಲೆ ಒರೆಸುವ ಬಟ್ಟೆ. ಗೋಡೆ ನೋಡಿದಳು. ಬುಟ್ಟಿಯಲ್ಲಿ ಬಿದ್ದಿದ್ದ ಅರ್ಜಿ ನೋಡಿದಳು. ಹರಿದ ತುಂಡಿನಲ್ಲಿ ನನ್ನ ಅರ್ಧ ಮುಖವಿತ್ತು.

"ಏನ್ ನೋಡ್ತೀಯ? ಒರೆಸು."

ಅವ್ವ ಬಾಟಲಿಯ ಮುಚ್ಚಳ ತೆಗೆದಳು. ಬಾಟಲಿಯನ್ನು ಅವನ ಮೇಜಿನ ಮೇಲೆ, ಮಸಿಯ ಪ್ಯಾಡಿನ ಪಕ್ಕದಲ್ಲಿ ಇಟ್ಟಳು. ಬಟ್ಟೆಯನ್ನೂ ಇಟ್ಟಳು.

"ನೀವೇ ಒರೆಸ್ಕೊಳ್ಳಿ ಸಾಹೇಬ್ರೆ," ಎಂದಳು. "ಬೆರಳು ಜೋಪಾನ."